ಉತ್ತರದಿಂದ ಬಂದ ಪೆಟ್ಟಿಗೆ

ಪೆಟ್ಟಿಗೆ ಬಂದದ್ದು ಕುದುರೆಯ ಮೇಲೆ,
ಮೊಖೊತ್ಲೊಂಗಿನಿಂದ ಎರಡು ದಿನದ ದಾರಿ.
ಹನ್ನೊಂದು ಪುಸ್ತಕ, ಮಡಿಕೆಯಲ್ಲಿ ಹರಿದ ಆಕಾಶದ ನಕ್ಷೆ,
ಒಂದು ಕಣ್ಣು ಕುರುಡಾದ ದುರ್ಬೀನು.
ಮೊದಲ ಪುಟದಲ್ಲಿ ಯಾರೋ ಮಗುವಿನ ಹೆಸರು,
ಅದರ ಮೇಲೆ ಅಡ್ಡಗೆರೆ.

ನನ್ನ ಶಾಲೆ ಶುರುವಾಗುವುದು ಕುರಿ ಮಲಗಿದ ಮೇಲೆ.
ಹಗಲೆಲ್ಲ ಬೆಟ್ಟದಲ್ಲಿದ್ದ ಹುಡುಗರು
ಕಂಬಳಿ ಹೊದ್ದು, ದೊಡ್ಡವರ ರಬ್ಬರ್ ಬೂಟು ಎಳೆದುಕೊಂಡು
ಹೊಗೆಯ ವಾಸನೆಯ ಜೊತೆ ಒಳಬರುತ್ತಾರೆ.
ಒಬ್ಬನಿಗೂ ಓದು ಬಾರದು.
ಯಾವ ಚುಕ್ಕಿ ಯಾವ ಬೆಟ್ಟದ ಹಿಂದೆ ಇಳಿಯುತ್ತದೆಂದು
ಎಲ್ಲರಿಗೂ ಗೊತ್ತು.

ಹದಿನಾಲ್ಕನೇ ಪುಟದಲ್ಲಿ ಧ್ರುವ.
"ದಾರಿ ತಪ್ಪಿದವರು ಇವನನ್ನು ನೋಡಿ ಮನೆ ಸೇರುತ್ತಾರೆ"
ಎಂದು ಓದಿ ಹೇಳಿದೆ, ನಾನೂ ಎಂದೂ ಕಾಣದವನ ಬಗ್ಗೆ.
ಸೆಖೊಬೆ ಮೂರು ರಾತ್ರಿ ಹುಡುಕಿದ.
ನಾಲ್ಕನೆಯ ರಾತ್ರಿ ನನ್ನನ್ನು ನೋಡಿದ,
ತೂಕದಲ್ಲಿ ಮೋಸ ಮಾಡಿದ ಅಂಗಡಿಯವಳನ್ನು ನೋಡುವ ಹಾಗೆ.

ಪುಸ್ತಕದ ಬೇಟೆಗಾರ ನೆಟ್ಟಗೆ ನಿಂತಿದ್ದಾನೆ.
ನಮ್ಮ ಮೇಲೆ ಅವನು ಬಾವಲಿ,
ಅವನ ನಡುಪಟ್ಟಿ ನಮಗೆ ಮೂರು ಕಾಡುಹಂದಿ.
ಪುಸ್ತಕದ ಎಳೆಚಂದ್ರನಿಗೆ ಬಲಗಡೆ ಬೆಳಕು,
ನಮ್ಮವನಿಗೆ ಎಡಗಡೆ.
ಪುಸ್ತಕದ ಡಿಸೆಂಬರಿನಲ್ಲಿ ಹಿಮ.
ಡಿಸೆಂಬರಿನಲ್ಲಿ ನಾವು ಜೋಳದ ಕಳೆ ಕೀಳುತ್ತೇವೆ.

ಸರಿ, ತಿದ್ದೋಣ ಎಂದೆ.
ಒಲೆಯಿಂದ ಇದ್ದಿಲು ತಂದರು.
ಶುಕ್ರನ ಪಕ್ಕ, ಅವರು ಹೇಳಿದಂತೆ, ನಾನು ಬರೆದೆ:
ಸೆಫಲಬೊಹೊಹೊ,
ಗಡಿಗೆಯ ತಳದ ಸೀಕಲು ಕೆರೆಯುವ ಹೊತ್ತಿನ ಚುಕ್ಕಿ.
ಕೃತ್ತಿಕೆಯ ಪಕ್ಕ: ಸೆಲೆಮೆಲಾ, ನೇಗಿಲು ತೆಗೆ.
ಹಾಲುಹಾದಿಯ ಅಂಚಿನಲ್ಲಿ: ಮಿಂಚು ಮಲಗುವ ಜಾಗ.
ಅಂಚು ತುಂಬಿದವು. ಬೆರಳು ಕಪ್ಪಾದವು.
ಅಕ್ಷರಗಳು ಒಂದೊಂದಾಗಿ, ಕಳೆದ ಕುರಿಗಳ ಹಾಗೆ,
ತಮ್ಮಷ್ಟಕ್ಕೆ ಹಿಂದೆ ಬಂದವು.
ಸೆಖೊಬೆ ತನ್ನ ಬದುಕಿನಲ್ಲಿ ಬರೆದ ಮೊದಲ ಪದ
ಹದಿನಾಲ್ಕನೇ ಪುಟದಲ್ಲಿದೆ, ಧ್ರುವನ ಮೇಲೆಯೇ:
ಇಲ್ಲ.

ಪುಸ್ತಕ ಹೇಳಿದ ಕಿತ್ತಳೆ ನಮ್ಮಲ್ಲಿ ಸಿಗದು.
ಆಲೂಗಡ್ಡೆಯೇ ಭೂಮಿ, ಸೀಮೆಎಣ್ಣೆ ದೀಪವೇ ಸೂರ್ಯ,
ಒಂದು ಮುಳ್ಳು ಮೇಲೆ, ಒಂದು ಮುಳ್ಳು ಕೆಳಗೆ.
ಪಾಠ ಮುಗಿದ ಮೇಲೆ ಭೂಮಿಯನ್ನು ಬೂದಿಯಲ್ಲಿ ಸುಟ್ಟು
ಉಪ್ಪು ಹಚ್ಚಿ ಹಂಚಿಕೊಂಡೆವು.
ಇನ್ನೊಂದು ದಿನ ಸೂರ್ಯ ದೊಡ್ಡ ಕುಂಬಳಕಾಯಿ,
ಭೂಮಿ ಒಂದು ಕಾಳು ಜೋಳ, ನಡುವೆ ಅರವತ್ತು ಹೆಜ್ಜೆ.
"ಇನ್ನೊಂದು ಕುಂಬಳಕಾಯಿ ಎಲ್ಲಿ?" ಎಂದ ಪುಟ್ಟ ತ್ಸೆಪಿಸೊ,
ಲೆಕ್ಕ ಮಾಡಿದೆ, ಮತ್ತೆ ಮಾಡಿದೆ:
ಈ ಪೆಟ್ಟಿಗೆ ಹೊರಟ ಊರಿನಿಂದಲೂ ಇನ್ನೊಂದಿಷ್ಟು ಆಚೆ.
ಯಾರೂ ಮಾತಾಡಲಿಲ್ಲ.
ಅವನು ಕೈಯಲ್ಲಿದ್ದ ಕಾಳನ್ನು ಜೇಬಿಗೆ ಹಾಕಿಕೊಂಡ.

ಮೇ ತಿಂಗಳ ಕೊನೆ, ನೀರಿನ ಮೇಲೆ ಮೊದಲ ಮಂಜುಗಡ್ಡೆ.
ಸೆಖೊಬೆ ನಸುಕಿನಲ್ಲೇ ಬಾಗಿಲು ಬಡಿದ.
ನಾಕಾ ಮೂಡಿದೆ, ಕೊಂಬಿನ ಚುಕ್ಕಿ, ತಾನೇ ಮೊದಲು ಕಂಡದ್ದು.
ಅಜ್ಜನ ಕಾಲದಲ್ಲಾದರೆ ಊರಿನ ಮುಖ್ಯಸ್ಥ
ಇಷ್ಟಕ್ಕೆ ಒಂದು ಕಡಸು ಕೊಡುತ್ತಿದ್ದನಂತೆ.
ನನ್ನಲ್ಲಿ ಕಡಸಿಲ್ಲ. ಚಹಾ ಕೊಟ್ಟೆ.

ಕುಡಿಯುತ್ತ ಪುಸ್ತಕ ತೆಗೆದ, ಹದಿನಾಲ್ಕಕ್ಕೆ ಬಿಡಿಸಿದ,
ಉತ್ತರದ ಗೋಡೆಯ ಬುಡಕ್ಕೆ ಹೋಗಿ
ಚುಕ್ಕಿ ಕೆಳಗಾಗುವಂತೆ, ಸ್ವಲ್ಪ ಓರೆಯಾಗಿ,
ಮಣ್ಣಿನ ನೆಲಕ್ಕೆ ಪುಟವನ್ನು ಬೋರಲು ಒತ್ತಿದ.
"ಇಲ್ಲಿದ್ದಾನೆ. ಅಲ್ಲವಾ, ಮೆ ನ್ಥಾಬೆಲೆಂಗ್?
ಅಂದು ಆಲೂಗಡ್ಡೆಯ ಆ ಕಡೆಯ ಮುಳ್ಳಿನ ಮೇಲೆ."
ಹೌದೆಂದೆ.

"ಅಲ್ಲಿಯ ಹುಡುಗರಿಗೆ ನಾಕಾ ಕಾಣುತ್ತದಾ?"
ಇಲ್ಲ.
"ಯಾವತ್ತೂ?"
ಯಾವತ್ತೂ ಇಲ್ಲ.

ಪಾಪ ಎಂದ. ಲೋಟ ಕೆಳಗಿಟ್ಟ.
ಅವರಿಗೊಂದು ಪುಸ್ತಕ ಕಳಿಸಬೇಕು ಎಂದ,
ಕಂಬಳಿಯೊಳಗಿಂದ ಕೈ ತೆಗೆದು
ಒಲೆಯಲ್ಲಿ ಇದ್ದಿಲು ಹುಡುಕತೊಡಗಿದ.